ಇನ್ನೊಂದು ಬಿಸಿಲು

ಅರ್ಧ ಗಡ್ಡ ಹೆರೆದು ಮುಗಿದಿತ್ತು, ಮೇಲಿನ ಮನೆಯಲ್ಲಿ ಚಪ್ಪಲಿಯ ಸದ್ದಾಯಿತು. ಸದ್ದು ಎಂದರೆ ಹೆಚ್ಚಾಯಿತು; ತಾನಿಗುಚಿ ನಡೆದಾಡಿದರೆ ಕೇಳಿಸುವುದು ಸದ್ದಲ್ಲ, ಕೆಳಗಿನವರಿಗೆ ಸದ್ದಾಗಬಾರದೆಂಬ ಜಾಗ್ರತೆ. ಅವನಿಗಿಂತ ಮುಂಚೆ ಇದ್ದ ಯೂನಿವರ್ಸಿಟಿ ಹುಡುಗರು ಧಡಧಡ ಕುಣಿಯುತ್ತಿದ್ದರು, ಸೋಮಣ್ಣ ಮೆಟ್ಟಿಲ ಕೆಳಗೆ ನಿಂತು ಮನಸಾರೆ ಬೈಯುತ್ತಿದ್ದ, ಬೈದ ಮೇಲೆ ಉಪ್ಪಿಟ್ಟು ರುಚಿಯಾಗುತ್ತಿತ್ತು. ಬೈಯುವುದಕ್ಕೆ ಒಂದಿಷ್ಟೂ ಆಸ್ಪದ ಕೊಡದ ಬಾಡಿಗೆದಾರನ ಜೊತೆ ಬಾಳುವೆ ಮಾಡುವುದು ಹೇಗೆ? ಕನ್ನಡಿಯಲ್ಲಿ ಒಂದು ಕೆನ್ನೆ ನೊರೆ, ಒಂದು ಕೆನ್ನೆ ಬೋಳು. ಸಂಜೆಯ ಭಾಷಣವನ್ನು ಸೋಮಣ್ಣ ಆ ಮುಖಕ್ಕೆ ಒಪ್ಪಿಸುತ್ತಿದ್ದ. ಇವತ್ತು ಅವರು ನಮ್ಮ ಕಾರ್ಖಾನೆಯ ಗೇಟಿನೊಳಗೆ ಕಾಲಿಟ್ಟಿದ್ದಾರೆ, ನಾಳೆ ನಮ್ಮ ಮನೆಯೊಳಗೂ ಕಾಲಿಡುತ್ತಾರೆ, ಎಂಬಲ್ಲಿಗೆ ಬಂದು ಮತ್ತೆ ತಡವರಿಸಿದ. ವಾಕ್ಯ ಚೆನ್ನಾಗಿತ್ತು. ತೆಲುಗಿನಲ್ಲಿ ಇನ್ನೂ ಚೆನ್ನಾಗಿ ಕೂಡುತ್ತಿತ್ತು. ಆದರೆ ಅದನ್ನು ಹೇಳಿದಾಗಲೆಲ್ಲ ತಲೆಯ ಮೇಲೆ ಆ ಜಾಗ್ರತೆ ಮೆಲ್ಲಗೆ ಹೆಜ್ಜೆ ಇಡುತ್ತಿತ್ತು.

ನಿವೃತ್ತ ನೌಕರರ ಸಂಘದಲ್ಲಿ ಸೋಮಣ್ಣ ಯಾವಾಗಲೂ ಉಪಾಧ್ಯಕ್ಷ. ಅಧ್ಯಕ್ಷರಾದವರು ಬದಲಾದರು, ತೀರಿಕೊಂಡರು, ಮಂಡಿನೋವಿನಿಂದ ಮನೆ ಹಿಡಿದರು. ಉಪಾಧ್ಯಕ್ಷ ಮಾತ್ರ ಕದಲಲಿಲ್ಲ. ಯಾರಾದರೂ ಹಾರ ಹಾಕಿಸಿಕೊಳ್ಳುವಾಗ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುವ ಕೆಲಸ ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ, ಮದುವೆ ಮನೆಗಳಲ್ಲೂ ಮದುಮಗನ ಪಕ್ಕ ಹೋಗಿ ನಿಂತುಬಿಡುತ್ತಿದ್ದ. ಕೊನೆಗೂ ಇವತ್ತು, ನಾಚಾರಂ ದಾಟಿ ಇರುವ ಆ ಹಳೆಯ ಸರಕಾರಿ ಕಾರ್ಖಾನೆಯ ಗೇಟಿನ ಮುಂದೆ, ಅವನನ್ನು ಹೋರಾಟ ಸಮಿತಿಯ ಅಧ್ಯಕ್ಷ ಎಂದು ಸಾರುವುದಿತ್ತು. ಕಾರ್ಖಾನೆಯ ಅರ್ಧಕ್ಕಿಂತ ಹೆಚ್ಚಿನ ಪಾಲು ಒಂದು ಜಪಾನಿ ಕಂಪನಿಗೆ ಹೋಗಲಿದೆ, ವಿದೇಶಿ ಬಂಡವಾಳ ಬಂದರೆ ಊರಿಗೆ ಊರೇ ಬೆಳೆಯುತ್ತದೆ ಎಂದು ದೊಡ್ಡವರು ಹೇಳುತ್ತಿದ್ದರು. ಹಾಗೆ ಬೆಳೆಯುವ ಊರಿನಲ್ಲಿ ನಮ್ಮ ಕ್ಯಾಂಟೀನು, ನಮ್ಮ ಆಸ್ಪತ್ರೆ, ನಮ್ಮ ಮಕ್ಕಳ ಕೆಲಸ ಎಲ್ಲಿರುತ್ತದೆ ಎಂದು ಮುದುಕರು ಕೇಳುತ್ತಿದ್ದರು. ಸೋಮಣ್ಣನಿಗೆ ಈ ಪ್ರಶ್ನೆಯ ಮೇಲೆ ನಿಜವಾದ ನಂಬಿಕೆ ಇತ್ತು. ನಂಬಿಕೆ ಇದ್ದುದೇ ಫಜೀತಿ. ಯಾಕೆಂದರೆ ಆ ಕಂಪನಿ ಹಳೆಯ ಯಂತ್ರಗಳನ್ನು ಪರೀಕ್ಷಿಸಲಿಕ್ಕೆಂದು ಕಳಿಸಿದ ಎಂಜಿನಿಯರು ತಾರ್ನಾಕದಲ್ಲಿ ಯಾರ ಮನೆಯ ಮೇಲಿದ್ದಾನೆ ಎಂದು ಸಂಘದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಅಧ್ಯಕ್ಷತೆ ಹೋಯಿತು, ಉಪಾಧ್ಯಕ್ಷತೆಯೂ ಹೋಯಿತು, ಜೀವನವಿಡೀ ಗೇಟಿನ ಮುಂದೆ ಕೂಗಿದ್ದೆಲ್ಲ ನಗೆಪಾಟಲು.

ಮೇಲಿನ ಮನೆಗೆ ಯಾರು ಬಂದಿದ್ದಾರೆ ಎಂದು ಸಂಘದ ಕಾರ್ಯದರ್ಶಿ ಅಮೃತಪ್ಪ ಕೇಳಿದಾಗ, ಅರುಣಾಚಲದ ಕಡೆಯ ಹುಡುಗ, ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾನೆ ಎಂದು ಸೋಮಣ್ಣ ಹೇಳಿಬಿಟ್ಟಿದ್ದ. ಬಾಯಿ ತನ್ನಷ್ಟಕ್ಕೆ ಹೇಳಿತ್ತು. ಹೇಳಿದ ಮೇಲೆ, ಒಂದು ಕಾಲಕ್ಕೆ ರಾಷ್ಟ್ರೀಯ ಐಕ್ಯದ ಮೇಲೆ ಭಾಷಣ ಮಾಡಿ ಸ್ಟೀಲಿನ ಡಬ್ಬಿ ಬಹುಮಾನ ಪಡೆದ ತಾನು, ಒಬ್ಬ ಮನುಷ್ಯನ ಮುಖ ನೋಡಿ ಇಡೀ ರಾಜ್ಯವನ್ನೇ ಸುಳ್ಳಿಗೆ ಬಳಸಿಕೊಂಡೆನಲ್ಲ ಎಂದು ನಾಚಿಕೆಯಾಗಿ, ಆ ಡಬ್ಬಿಯಲ್ಲಿದ್ದ ಶೇಂಗಾ ಉಂಡಿಯನ್ನು ಎರಡು ದಿನ ಮುಟ್ಟಲಿಲ್ಲ. ಆಮೇಲೆ ಮುಟ್ಟಿದ.

ಬ್ಯಾನರನ್ನು ಒಯ್ಯಲು ಮಧ್ಯಾಹ್ನ ಅಮೃತಪ್ಪ ಬರುವುದಿತ್ತು. ಸಂಘದ ಬ್ಯಾನರು ಸೋಮಣ್ಣನ ಮನೆಯಲ್ಲೇ ಇರುವುದು. ಹಾರ ಸಿಗದವನಿಗೆ ಅದೊಂದು ಮರ್ಯಾದೆ. ದಪ್ಪ ಮಾದರಪಾಟಿನ ಬಟ್ಟೆ, ಎರಡು ಮಂಚದಷ್ಟು ಉದ್ದ, ಕೆಂಪು ಹೋಗಿ ಈಗ ಹಳೆಯ ಇಟ್ಟಿಗೆಯ ಬಣ್ಣ. ಮೇಲೆ ಬಿಳಿಯ ದೊಡ್ಡ ಅಕ್ಷರದಲ್ಲಿ ತೆಲುಗು, ಹಿಂದಿ, ಇಂಗ್ಲಿಷು ಮೂರರಲ್ಲೂ ಒಂದೇ ಮಾತು: ಫಾರಿನ್ ಕ್ಯಾಪಿಟಲ್, ಗೋ ಬ್ಯಾಕ್. ಮುಖ ಒರೆಸಿಕೊಂಡು ಅಟ್ಟದ ಟ್ರಂಕು ತೆರೆದರೆ ನುಸಿಗುಳಿಗೆಯ ವಾಸನೆ ಇತ್ತು, ಬ್ಯಾನರು ಇರಲಿಲ್ಲ. ತಾನಿಗುಚಿ ಕದ್ದನೆ? ಎಂಬ ಯೋಚನೆ ಮೊದಲು ಬಂತು, ಅದರ ಹಿಂದೆಯೇ ಛೀ ಎಂಬುದೂ ಬಂತು. ಅಡುಗೆಮನೆಯ ಬಾಗಿಲಿಗೆ ಹೋಗಿ, ತನ್ನ ದನಿ ತನಗೇ ಅಪರಿಚಿತವಾಗುವಷ್ಟು ಮೆತ್ತಗೆ, ಟ್ರಂಕಿನಲ್ಲಿದ್ದದ್ದು ಎಲ್ಲಿ ಎಂದು ಕೇಳಿದ.

ಸಾವಿತ್ರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು. “ಮ್ಯಾಲ ಐತ್ರಿ. ಸಂಡಗಿ ಹಾಕೇನಿ.”

ಸೋಮಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅವಳ ವಿವರಣೆ ರೊಟ್ಟಿಯ ತಾಳಕ್ಕೆ ತಕ್ಕ ಹಾಗೆ ಬರುತ್ತಿತ್ತು. ಪ್ಲಾಸ್ಟಿಕ್ಕಿನ ಹಾಳೆಯ ಮೇಲೆ ಹಾಕಿದರೆ ಸಂಡಿಗೆಗೆ ನಾತ ಹಿಡಿಯುತ್ತದೆ, ಮನೆಯಲ್ಲಿ ಒಂದು ಹಳೆಯ ಧೋತರ ಎಂಬುದು ಉಳಿದಿಲ್ಲ, ಇವರೇನು ಧೋತರ ಉಡುತ್ತಾರೆಯೆ, ಪ್ಯಾಂಟು; ಟ್ರಂಕಿನಲ್ಲಿ ಇಷ್ಟು ಗಟ್ಟಿ ಬಟ್ಟೆ ಸುಮ್ಮನೆ ಬಿದ್ದಿತ್ತು, ಎಷ್ಟು ಹೊಲಸಾಗಿತ್ತೆಂದರೆ ಮೂರು ನೀರಿನಲ್ಲಿ ಹಿಂಡಿ ತೆಗೆದೆ, ಅದಕ್ಕೆ ಮೊದಲು ಒಂದು ಥ್ಯಾಂಕ್ಸ್ ಹೇಳಿ. ನಿನ್ನೆ ಬೆಳಿಗ್ಗೆ ಹಾಕಿದ್ದು, ಇವತ್ತಿಗೆ ಎರಡನೆಯ ಬಿಸಿಲು. ಅಕ್ಷರ ಇದ್ದ ಮಗ್ಗುಲಿಗೆ ಯಾಕೆ ಹಾಕಿದೆ ಎಂದು ಕೇಳಿದರೆ, ಅಕ್ಷರದ ಮೇಲೆ ಹಾಕುತ್ತ ಹೋದರೆ ಸಾಲು ನೆಟ್ಟಗೆ ಬರುತ್ತದೆ ಎಂದಳು. ಈಗಲೇ ತೆಗೆದುಬಿಡು ಎಂದಾಗ ಮಾತ್ರ ಅವಳ ಕೈ ನಿಂತಿತು. ನಡುವೆ ಇನ್ನೂ ಹಸಿ ಇರುವ ಸಂಡಿಗೆಯನ್ನು ಎಬ್ಬಿಸಲಿಕ್ಕೆ ಹೋದರೆ ಎಲ್ಲ ಹರಿದು ಚಿಂದಿಯಾಗುತ್ತದೆ. ಮೂರು ಗಂಟೆಯ ಬಿಸಿಲು ಬೀಳುವತನಕ ಬಟ್ಟೆಗೆ ಕೈ ಹಚ್ಚಿದರೆ ನೋಡಿ, ಎಂದಳು. ಗೇಟಿನ ಮುಂದೆ ಪೊಲೀಸರ ಲಾಠಿಗೆ ಎದೆಯೊಡ್ಡಿದವನು ತೆಪ್ಪಗೆ ಮೆಟ್ಟಿಲು ಹತ್ತಿದ.

ಮೆಟ್ಟಿಲಲ್ಲಿ ವರ್ಷಾ ಎದುರಾದಳು. ಮಗಳು ಇದೇ ತಾರ್ನಾಕದ ಕ್ಯಾಂಪಸ್ಸಿನಲ್ಲಿ ಅರ್ಥಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಾಳೆ. ವಿಷಯ, ಅಭಿವೃದ್ಧಿ ಹೊಂದುತ್ತಿರುವ ದೇಶಗಳಲ್ಲಿ ವಿದೇಶಿ ನೇರ ಹೂಡಿಕೆ ಮತ್ತು ಆರ್ಥಿಕ ಬೆಳವಣಿಗೆ. ಆ ಹೆಸರನ್ನು ಸೋಮಣ್ಣ ಎಲ್ಲರ ಮುಂದೆ ಪೂರ್ತಿ ಹೇಳಿ ಹೆಮ್ಮೆಪಡುತ್ತಿದ್ದ. ಹೋದ ವಾರ, ಭಾಷಣಕ್ಕೆ ನಾಲ್ಕು ಸಾಲು ಸಿಗಬಹುದೆಂದು, ಕೊನೆಗೆ ಏನು ಕಂಡುಕೊಂಡೆ, ಬಂಡವಾಳ ಬಂದರೆ ದೇಶ ಬೆಳೆಯುತ್ತದೋ ಇಲ್ಲವೋ, ಒಂದು ಮಾತಿನಲ್ಲಿ ಹೇಳು ಎಂದು ಕೇಳಿದ್ದ. ಕೆಲವು ಕಡೆ ಬೆಳೆಯುತ್ತದೆ, ಕೆಲವು ಕಡೆ ಇಲ್ಲ, ಅಲ್ಲಿನ ಜನ ಬಂದವರಿಂದ ಕಲಿಯುವಷ್ಟು ತಯಾರಿದ್ದರೆ ಬೆಳೆಯುತ್ತದೆ, ಎಂದು ಅವಳು ಊಟದ ತಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ್ದಳು. ಗೆರೆ ಸಾರಿನಲ್ಲಿ ಕೂಡಿಹೋಗಿತ್ತು. “ಬಂಡವಾಳ ಬಂದದ್ದಕ್ಕ ಬೆಳದಾವೋ, ಬೆಳ್ಯಾಕತ್ತಾವಂತ ಬಂಡವಾಳ ಬಂತೋ, ಅದನ್ನ ಬಿಡಿಸಿ ಹೇಳೋದ ಕಷ್ಟ ಐತಿ ಅಪ್ಪಾ,” ಎಂದಿದ್ದಳು. ಹಾಗಾದರೆ ನಾನು ಗೇಟಿನಲ್ಲಿ ನಿಂತು ಏನೆಂದು ಕೂಗಲಿ ಎಂದು ಸಿಟ್ಟಿಗೆದ್ದಾಗ, ಪರಿಸ್ಥಿತಿಯನ್ನು ಅವಲಂಬಿಸಿದೆ ಎಂದು ಕೂಗು ಅಂದು ಕೈತೊಳೆಯಲು ಎದ್ದಿದ್ದಳು. ಇವತ್ತು ಮೆಟ್ಟಿಲಲ್ಲಿ ಅವಳು ಅಪ್ಪನ ಮುಖ ನೋಡಿ ತುಟಿ ಒಳಗೆ ಎಳೆದುಕೊಂಡು ದಡದಡ ಇಳಿದುಹೋದಳು. ಬ್ಯಾನರನ್ನು ಹಿಂಡಲಿಕ್ಕೆ ಇನ್ನೊಂದು ತುದಿ ಹಿಡಿದವಳು ಅವಳೇ ಇರಬೇಕು ಎಂದು ಸೋಮಣ್ಣನಿಗೆ ಆಗ ಹೊಳೆಯಿತು.

ಮಾಳಿಗೆಯ ಮೇಲೆ ತಾನಿಗುಚಿ ಮಡಿಚುವ ಸ್ಟೂಲಿನ ಮೇಲೆ ಕೂತಿದ್ದ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಸಾವಿತ್ರಿಯ ಜೇಡರ ಬಲೆ ತೆಗೆಯುವ ಕೋಲು, ಆಫೀಸಿನ ಇಸ್ತ್ರಿಯ ಅಂಗಿ. ಎದುರಿಗೆ ಇಡೀ ಬ್ಯಾನರು ಬಿಸಿಲಿಗೆ ಮೈ ಚಾಚಿ ಬಿದ್ದಿತ್ತು, ಅದರ ತುಂಬ ಬಿಳಿಯ ಬಿಲ್ಲೆ ಬಿಲ್ಲೆ ಸಂಡಿಗೆ. ಅವನನ್ನು ಗೋ ಬ್ಯಾಕ್ ಎನ್ನುವ ಬಟ್ಟೆಯನ್ನು ಅವನೇ ಕಾಗೆ ಪಾರಿವಾಳಗಳಿಂದ ಕಾಯುತ್ತಿದ್ದ. ಸೋಮಣ್ಣನನ್ನು ಕಂಡ ಕೂಡಲೆ ಛತ್ರಿ, ಕೋಲು ಎರಡನ್ನೂ ಕೆಳಗಿಟ್ಟು ಎದ್ದು ನಿಂತು ನಡು ಬಗ್ಗಿಸಿದ. ಸೋಮಣ್ಣನ ನಡುವೂ ಬಗ್ಗಿತು. ಮೊದಮೊದಲು ಇದು ಅವನಿಗೆ ಅವಮಾನವೆನಿಸುತ್ತಿತ್ತು, ಬರೀ ತಲೆ ಆಡಿಸುತ್ತಿದ್ದ. ಆದರೆ ತಲೆ ಆಡಿಸಿದಷ್ಟೂ ಅವನು ಇನ್ನೂ ಕೆಳಗೆ ಬಗ್ಗುತ್ತಿದ್ದ, ಕೊನೆಗೆ ನೆಲಕ್ಕೆ ಹಣೆ ತಾಗೀತೆಂಬ ಭಯದಿಂದ ಇವನೂ ಒಂದಿಷ್ಟು ಬಗ್ಗಲಿಕ್ಕೆ ಕಲಿತ. ಈಗ ಬೆನ್ನು ತಾನಾಗಿಯೇ ಬಗ್ಗುತ್ತದೆ.

ಓದಿದ್ದಾನೆಯೆ? ಓದದೆ ಏನು, ಎರಡು ಬೆಳಗು ಇದರ ಮುಂದೆ ಕೂತಿದ್ದಾನೆ. ಸೋಮಣ್ಣ ಅವನ ಮುಖ ನೋಡಿದ. ಆ ಮುಖದಲ್ಲಿ ಏನಿದೆಯೆಂದು ಇವನಿಗೆ ಎಂದೂ ಗೊತ್ತಾದದ್ದಿಲ್ಲ. ತಾನಿಗುಚಿ ಕೋಲಿನ ತುದಿಯಿಂದ ತೋರಿಸುತ್ತ, ಯಂತ್ರದ ವರದಿ ಒಪ್ಪಿಸುವ ಹಾಗೆ ಇಂಗ್ಲಿಷಿನಲ್ಲಿ ಒಪ್ಪಿಸಿದ: ಗೋ ಬ್ಯಾಕ್ ಹತ್ತಿರ ಚೆನ್ನಾಗಿ ಒಣಗಿದೆ, ಫಾರಿನ್ ಹತ್ತಿರ ಇನ್ನೂ ಹಸಿ ಇದೆ. ಅಲ್ಲಿ ನೀರಿನ ಟಾಕಿಯ ನೆರಳು ಬೀಳುತ್ತದೆ, ಅದಕ್ಕೆ. ಇದು ತಮಾಷೆಯೋ, ಚುಚ್ಚಿದ್ದೋ, ಬರಿಯ ಸಂಡಿಗೆಯ ಸಮಾಚಾರವೋ? ಸೋಮಣ್ಣ, ಇದು ಹಳೆಯ ಬಟ್ಟೆ, ಹಳೆಯ ಕಾಲದ್ದು ಎಂದು ಏನೋ ಹೇಳಲು ಹೊರಟ. ತಾನಿಗುಚಿ ತನ್ನ ಅಮ್ಮನೂ ಹೀಗೆಯೇ ಮೂಲಂಗಿ ಒಣಗಿಸುತ್ತಿದ್ದಳು, ಕಾಗೆ ಕಾಯುವ ಕೆಲಸ ತನ್ನದೇ ಇತ್ತು ಎಂದ. ಕೆಳಗೆ ಕಂಪನಿಯ ಕಾರು ಬಂದು ಹಾರ್ನು ಹಾಕಿತು. ಅವನು ಛತ್ರಿಯನ್ನೂ ಕೋಲನ್ನೂ ಎರಡೂ ಕೈಯಲ್ಲಿ ಹಿಡಿದು ಸೋಮಣ್ಣನಿಗೆ ವಹಿಸಿಕೊಟ್ಟ. ಸೋಮಣ್ಣ ಎರಡೂ ಕೈಯಲ್ಲಿ ತೆಗೆದುಕೊಂಡ, ಮತ್ತೆ ಬಗ್ಗಿದ.

ಹೀಗೆ ಹೋರಾಟ ಸಮಿತಿಯ ಭಾವೀ ಅಧ್ಯಕ್ಷ ಜಪಾನಿ ಛತ್ರಿಯ ಕೆಳಗೆ ಕೂತು ಕಾಗೆ ಹೊಡೆಯತೊಡಗಿದ. ತಪ್ಪು ಎಲ್ಲಿ ಆಯಿತು ಎಂದು ಹುಡುಕಿದ. ಬಾಡಿಗೆಯ ಆಸೆ ಎಂದು ಹೇಳಿಕೊಂಡರೆ ಸುಲಭವಿತ್ತು. ಸಾವಿತ್ರಿ ಒಪ್ಪಿಕೊಂಡುಬಿಟ್ಟಿದ್ದಳು ಎಂದು ಅವಳ ಮೇಲೆ ಹಾಕಿದರೆ ಇನ್ನೂ ಸುಲಭ. ಅವನನ್ನು ಸೇರಿಸಿಕೊಂಡ ದಿನ ಅವಳು ಹಾಲು ಉಕ್ಕಿಸಲಿಕ್ಕೆ ಹೇಳಿದ್ದಳು, ಹೊಸ ಮನೆ ಹೊಕ್ಕವರು ಉಕ್ಕಿಸಲೇಬೇಕು. ಎಂಜಿನಿಯರು ಮನುಷ್ಯ, ಹಾಲು ಪಾತ್ರೆಯ ಕಂಠಕ್ಕೆ ಬಂದ ಕ್ಷಣಕ್ಕೆ ಸರಿಯಾಗಿ ಗ್ಯಾಸು ಸಣ್ಣ ಮಾಡಿ ಗೆದ್ದವನ ಹಾಗೆ ತಿರುಗಿ ನೋಡಿದ. ಸಾವಿತ್ರಿ ಉಕ್ಕಬೇಕು, ಚೆಲ್ಲಬೇಕು ಎಂದು ಹಿಂದಿಯಲ್ಲಿ ಗದರಿಸಿ ತಾನೇ ದೊಡ್ಡದು ಮಾಡಿದಳು. ಹಾಲು ಒಲೆಯ ಮೇಲೆಲ್ಲ ಹರಿಯಿತು. ಅವನು ಒಲೆಗೆ ನಡು ಬಗ್ಗಿಸಿ ಕ್ಷಮೆ ಕೇಳಿ, ಸಂಜೆಯವರೆಗೆ ಕಟ್ಟೆ ಒರೆಸಿ, ಮರುದಿನ ಇನ್ನೂ ದೊಡ್ಡ ಪಾತ್ರೆ ತಂದಿಟ್ಟ. ಅವತ್ತಿನಿಂದ ಸಾವಿತ್ರಿಗೆ ಅವನು ತಾನಪ್ಪಾರು. ರೊಟ್ಟಿ ತಿನ್ನಲಿಕ್ಕೆ, ಚಟ್ನಿ ಖಾರ ಎನ್ನಲಿಕ್ಕೆ, ಬರ್ತೀನ್ರಿ ಎಂದು ಹೇಳಿ ಹೋಗಲಿಕ್ಕೆ ಕಲಿಸಿದವಳು ಅವಳು. ಆದರೆ ಅವಳ ಮೇಲೆ ಹಾಕಿದರೆ ಸುಳ್ಳಾಗುತ್ತದೆ. ಅವನನ್ನು ಬಿಡಿಸಿ ಕಳಿಸದೆ ಉಳಿಸಿಕೊಂಡದ್ದರ ನಿಜ ಬೇರೆ ಇತ್ತು, ಅದು ಒಂದು ಕಾಗೆಯ ಹಾಗೆ ಪ್ಯಾರಪೆಟ್ಟಿನ ಮೇಲೆ ಕೂತು ಇವನನ್ನೇ ನೋಡುತ್ತಿತ್ತು.

ಬಂದ ಮೊದಲ ವಾರ ತಾನಿಗುಚಿ ಫೋನು ಹಿಡಿದು ಕೆಳಗೆ ಬಂದಿದ್ದ. ಪರದೆಯ ಮೇಲೆ ಕಬ್ಬಿಣಕ್ಕೆ ತೂತು ಕೊರೆಯುವ ಒಂದು ಬೋರಿಂಗ್ ಯಂತ್ರದ ಫೋಟೋ. ಇಷ್ಟು ಹಳೆಯ ಯಂತ್ರದ ತಳದ ಕಬ್ಬಿಣದ ಹಾಸು ಹೀಗೆ ಸವೆಯದೆ ಉಳಿದದ್ದನ್ನು ನಾನು ಎಲ್ಲೂ ನೋಡಿಲ್ಲ, ಇದನ್ನು ನಡೆಸುತ್ತಿದ್ದವರು ಯಾರೆಂದು ಒಳಗೆ ಯಾರಿಗೂ ಗೊತ್ತಿಲ್ಲ, ನಿಮಗೆ ಗೊತ್ತೆ? ಸೋಮಣ್ಣ ಎದೆಯ ಮೇಲೆ ಬೆರಳಿಟ್ಟುಕೊಂಡ. ತಾನಿಗುಚಿ ಫೋನನ್ನು ಮೇಜಿನ ಮೇಲಿಟ್ಟು ಆ ದಿನ ಬಗ್ಗಿದ್ದು ಬಾಡಿಗೆದಾರ ಬಗ್ಗುವಂತೆ ಇರಲಿಲ್ಲ. ಆ ರಾತ್ರಿ ಸೋಮಣ್ಣನಿಗೆ ಅನ್ನ ಇಳಿಯಲಿಲ್ಲ, ಸಂತೋಷಕ್ಕೆ. ಅದರ ಮೇಲೆ ಎಷ್ಟೋ ಸಂಜೆ ಅವನು ಕೇಳಿದ, ಇವನು ಹೇಳಿದ: ಎಣ್ಣೆ ಯಾವುದು, ಬೇಸಿಗೆಯಲ್ಲಿ ಕಬ್ಬಿಣ ಹೇಗೆ ಹಿಗ್ಗುತ್ತದೆ, ಯಂತ್ರ ಬೇಜಾರಾದಾಗ ಯಾವ ದನಿ ಮಾಡುತ್ತದೆ. ಸಂಘದವರು ಅವನ ಭಾಷಣ ಕೇಳಿದ್ದರು, ಯಂತ್ರದ ಬಗ್ಗೆ ಒಬ್ಬನೂ ಕೇಳಿರಲಿಲ್ಲ. ಇನ್ನೂ ಒಂದು ಮಾತು ಅವನ ಹೊಟ್ಟೆಯೊಳಗಿತ್ತು. ಆ ಯಂತ್ರ ಚೆಕೊಸ್ಲೊವಾಕಿಯದ್ದು. ಹೊರಗಿನ ದುಡ್ಡಿನಲ್ಲಿ, ಹೊರಗಿನವರ ಕೈಯಿಂದ ಬಂದು ಕೂತದ್ದು. ಪ್ರತಿ ದಸರೆಗೆ ಅದಕ್ಕೆ ವಿಭೂತಿ ಬಳಿದು, ನಿಂಬೆಹಣ್ಣು ಕೊಯ್ದು, ನಮ್ಮ ತಾಯಿ ಎಂದು ಕೈಮುಗಿದವನು ಇವನೇ. ಅದಕ್ಕೆ ಯಾರೂ ಗೋ ಬ್ಯಾಕ್ ಎಂದಿರಲಿಲ್ಲ. ಮೊದಲು ನಾನು ಅವನನ್ನು ಇಷ್ಟಪಟ್ಟೆನೋ, ಅವನು ನನ್ನ ಯಂತ್ರವನ್ನು ಹೊಗಳಿದ್ದಕ್ಕೆ ಇಷ್ಟಪಟ್ಟೆನೋ? ಬಿಡಿಸಿ ಹೇಳುವುದು ಕಷ್ಟ ಎಂದು ಮಗಳ ದನಿಯಲ್ಲಿ ತನಗೇ ಉತ್ತರ ಬಂದಾಗ ಸೋಮಣ್ಣ ರೇಗಿ ಕೋಲು ಬೀಸಿದ. ಪಾರಿವಾಳಗಳು ಎದ್ದು ಮತ್ತೆ ಅಲ್ಲೇ ಕೂತವು.

“ಏನಪಾ ಸೋಮಣ್ಣ, ಯಾರನ್ನ ಹೊಡ್ಯಾಕತ್ತಿ?”

ಅಮೃತಪ್ಪ ಮೆಟ್ಟಿಲ ಬಾಯಲ್ಲಿ ಏದುಸಿರು ಬಿಡುತ್ತ ನಿಂತಿದ್ದ. ಮೆಹದಿಪಟ್ಟಣಂನಿಂದ ಎರಡು ಬಸ್ಸು ಬದಲಿಸಿ ಬಂದಿದ್ದ, ಬಂದವನಿಗೆ ಸಾವಿತ್ರಿ ಮಜ್ಜಿಗೆ ಕೊಟ್ಟು, ಅವರು ಮೇಲೆ ಕಾಗೆ ಕಾಯುತ್ತಿದ್ದಾರೆ ಎಂದು ಸರಳವಾಗಿ ಹೇಳಿ ಕಳಿಸಿದ್ದಳು. ಅವನು ಛತ್ರಿ ನೋಡಿದ, ಕೋಲು ನೋಡಿದ, ಬ್ಯಾನರು ನೋಡಿದ. ಸೋಮಣ್ಣ ನೆಲ ಬಾಯಿ ಬಿಡಲಿ ಎಂದು ಕಾದ. ತಾರ್ನಾಕದ ನೆಲ ಬಂಡೆ, ಬಿಡಲಿಲ್ಲ. ಆದರೆ ಅಮೃತಪ್ಪನ ಕಣ್ಣಲ್ಲಿ ಕಂಡದ್ದು ಸಿಟ್ಟಲ್ಲ. ಅಕ್ಕಿ ಸಂಡಗಿ ಏನು, ಎಂದು ಕೇಳಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ತೆಲುಗಿನ ಸಾಲಿನಿಂದ ಅರೆ ಒಣಗಿದ ಒಂದನ್ನು ಉಗುರಿನಿಂದ ಎಬ್ಬಿಸಿ ಬಾಯಿಗೆ ಹಾಕಿಕೊಂಡ. ಹಸಿಮೆಣಸಿನಕಾಯಿ, ಜೀರಿಗೆ. ಹೆಂಡತಿ ತೀರಿಕೊಂಡ ಮೇಲೆ ಇದನ್ನು ತಿಂದಿರಲಿಲ್ಲ ಎಂದ. ಆಮೇಲೆ ಮೇಲಿನ ಮನೆಯ ಬಾಗಿಲ ಮುಂದೆ ಗೆರೆ ಎಳೆದ ಹಾಗೆ ಜೋಡಿಸಿದ್ದ ಚಪ್ಪಲಿಗಳ ಕಡೆ ನೋಡಿ, ಹುಡುಗ ಭಾಳ ಶಿಸ್ತಿನವನು ಕಾಣುತ್ತಾನೆ ಎಂದ. ಸೋಮಣ್ಣ, ಹೌದು, ಅರುಣಾಚಲದ ಮಂದಿ ಹಾಗೆಯೇ ಎಂದ. ಈ ಸಲ ಬಾಯಿ ತನ್ನಷ್ಟಕ್ಕೆ ಹೇಳಲಿಲ್ಲ. ಇವನೇ ತಿಳಿದು ಹೇಳಿದ. ಹೇಳಿ ಛತ್ರಿಯನ್ನು ಮಡಚಿ ಬೆನ್ನ ಹಿಂದೆ ಇಟ್ಟುಕೊಂಡ, ಅದರ ಹಿಡಿಕೆಯ ಮೇಲೆ ಜಪಾನಿ ಅಕ್ಷರಗಳಿದ್ದವು.

ಸಾವಿತ್ರಿ ಮೂರಕ್ಕೆ ಬಂದು ಬೆರಳಿನಿಂದ ಒತ್ತಿ ನೋಡಿ ಅನುಮತಿ ಕೊಟ್ಟಳು. ಬಟ್ಟೆ ತಿರುವಿ ಹಾಕಿ ಹಿಂಬದಿಗೆ ನೀರು ಚಿಮುಕಿಸಿ ಒಂದೊಂದಾಗಿ ಬಿಡಿಸಬೇಕು, ಗಡಿಬಿಡಿ ಮಾಡಿದರೆ ನನ್ನ ಮುಖ ನೋಡಬೇಡಿ ಎಂದಳು. ಸಂಘದ ಉಪಾಧ್ಯಕ್ಷ, ಕಾರ್ಯದರ್ಶಿ ಇಬ್ಬರೂ ಮೊಣಕಾಲೂರಿ ಸಂಡಿಗೆ ಬಿಡಿಸಿದರು. ಕೆಳಗೆ ಆಟೋದವನು ಹಾರ್ನು ಹಾಕುತ್ತಿದ್ದ. ಟಾಕಿಯ ನೆರಳಿದ್ದ ತುದಿಯಲ್ಲಿ ಫಾರಿನ್ ಎಂಬ ಅಕ್ಷರಗಳ ಮೇಲಿನವು ಬಿಡದೆ ಕಚ್ಚಿಕೊಂಡಿದ್ದವು, ಅವನ್ನು ಎಬ್ಬಿಸುವಷ್ಟು ಹೊತ್ತಿರಲಿಲ್ಲ. ಇರಲಿ ಬಿಡು, ದೂರಕ್ಕೆ ಯಾರಿಗೂ ಕಾಣಿಸುವುದಿಲ್ಲ ಎಂದು ಅಮೃತಪ್ಪ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ಬಿಡಿಸಿದ್ದಕ್ಕೆ ನಾಳೆ ಇನ್ನೊಂದು ಬಿಸಿಲು ಬೇಕು ಎಂದು ಸಾವಿತ್ರಿ ಮೊರದಲ್ಲಿ ಹರವುತ್ತ ತನ್ನಷ್ಟಕ್ಕೆ ಹೇಳಿಕೊಂಡಳು.

ಗೇಟಿನ ಮುಂದೆ ಬೇವಿನ ನೆರಳಲ್ಲಿ ಮುದುಕರು ತಲೆಗೆ ಕರವಸ್ತ್ರ ಹಾಕಿಕೊಂಡು ಕೂತಿದ್ದರು. ಒಬ್ಬೊಬ್ಬರ ಮುಖವೂ ಸೋಮಣ್ಣನಿಗೆ ಗೊತ್ತು, ಯಾರು ಯಾವ ಶಾಪಿನಲ್ಲಿದ್ದರು, ಯಾರ ಬೆರಳು ಯಾವ ಲೇತಿಗೆ ಹೋಯಿತು ಎಲ್ಲ ಗೊತ್ತು. ಅವರನ್ನು ನೋಡಿದಾಗ ಅವನಿಗೆ ಅಳು ಬಂದಂತಾಯಿತು. ಇವರಿಗೆ ಸುಳ್ಳು ಹೇಳಿದೆನಲ್ಲ ಎಂದು ಮೊದಲ ಸಲ ನಿಜವಾಗಿ ನೋವಾಯಿತು. ಅಮೃತಪ್ಪ ಅಧ್ಯಕ್ಷರ ಹೆಸರು ಸಾರಿದ. ಚಪ್ಪಾಳೆ ಬಿತ್ತು. ಚೆಂಡುಹೂವಿನ ಹಾರ ಕೊರಳಿಗೆ ಬಂತು, ಒದ್ದೆಯಾಗಿ ತಣ್ಣಗಿತ್ತು. ಇದಕ್ಕೇ ಎಷ್ಟು ವರ್ಷ ಪಕ್ಕದಲ್ಲಿ ನಿಂತಿದ್ದೆ ಎಂದುಕೊಂಡ. ಆಟೋದ ಮೇಲಿನ ಧ್ವನಿವರ್ಧಕಕ್ಕೆ ಜೋಡಿಸಿದ ಮೈಕು ಕೈಗೆ ಬಂತು. ಹಿಂದೆ ಬ್ಯಾನರನ್ನು ಬಿಡಿಸಿ ಎತ್ತಿ ಜಾಡಿಸಿದರು, ಪಟಪಟ ಎಂದು ಏನೋ ಉದುರಿತು. ಮುಂದೆ ಕೂತಿದ್ದ ಒಬ್ಬ ಮುದುಕ ತಲೆಯ ಮೇಲೆ ಬಿದ್ದದ್ದನ್ನು ತೆಗೆದು ಮೂಸಿ ನೋಡಿ ಜೇಬಿಗೆ ಹಾಕಿಕೊಂಡ.

ಸೋಮಣ್ಣ ತೆಲುಗಿನಲ್ಲಿ ಶುರು ಮಾಡಿದ. ದನಿ ಚೆನ್ನಾಗಿ ಏರಿತು. ಬೆವರಿನಿಂದ ಕಟ್ಟಿದ ಕಾರ್ಖಾನೆ ಎಂದ, ಚಪ್ಪಾಳೆ. ಇವತ್ತು ಅವರು ನಮ್ಮ ಗೇಟಿನೊಳಗೆ ಕಾಲಿಟ್ಟಿದ್ದಾರೆ ಎಂದು ಕೈಯನ್ನು ಗೇಟಿನ ಕಡೆ ಚಾಚಿದ. ಗೇಟಿನ ಸರಳುಗಳ ಆ ಕಡೆ ಅಧಿಕಾರಿಗಳ ಗುಂಪಿನಲ್ಲಿ ತಾನಿಗುಚಿ ನಿಂತಿದ್ದ. ಸದ್ದು ಕೇಳಿ ನೋಡಲು ಬಂದಿರಬೇಕು. ಒಂದು ಸಂಡಿಗೆ ಉರುಳಿಕೊಂಡು ಸರಳಿನ ಕೆಳಗೆ ನುಸುಳಿ ಅವನ ಬೂಟಿನ ಮುಂದೆ ಮಗುಚಿತ್ತು. ಅವನು ಬಾಗಿ ಅದನ್ನು ಎತ್ತಿಕೊಂಡ. ಬೆರಳಿನಿಂದ ನಡುವೆ ಮೆಲ್ಲಗೆ ಒತ್ತಿ ನೋಡಿದ, ಸಾವಿತ್ರಿ ನೋಡುವಂತೆಯೇ. ಪಕ್ಕದ ಅಧಿಕಾರಿ ಅವನ ತೋಳು ಹಿಡಿದು ಒಳಗೆ ಕರೆದ. ಅವನು ಬಿಡಿಸಿಕೊಂಡು ಗೇಟಿನ ಹತ್ತಿರ ಬಂದು, ಸಂಡಿಗೆಯನ್ನು ಎರಡೂ ಅಂಗೈಯಲ್ಲಿಟ್ಟು ಸರಳುಗಳ ನಡುವಿನಿಂದ ಚಾಚಿ, ನಡು ಬಗ್ಗಿಸಿದ. ನಾಳೆ ನಮ್ಮ ಮನೆಯೊಳಗೂ, ಎಂಬಲ್ಲಿದ್ದ ಸೋಮಣ್ಣನ ಬೆನ್ನು, ಹಾರದ ಸಮೇತ, ಕೈಯಲ್ಲಿದ್ದ ಮೈಕಿಗೆ ಹಣೆ ತಾಗುವಷ್ಟು ಬಗ್ಗಿತು. ಅಧ್ಯಕ್ಷರು ಬಗ್ಗಿದ್ದನ್ನು ಕಂಡು, ಇದೂ ಕಾರ್ಯಕ್ರಮದಲ್ಲಿದೆ ಎಂದುಕೊಂಡು ಹಿಂದಿನ ಸಾಲಿನ ಕೆಲವರೂ ಎದ್ದು ಬಗ್ಗಿದರು.

ತಾನಿಗುಚಿ ಸಾವಿತ್ರಿಯ ಅಚ್ಚ ರಾಯಚೂರು ಕಡೆಯ ಕನ್ನಡದಲ್ಲಿ, ಎಲ್ಲರಿಗೂ ಕೇಳಿಸುವಂತೆ ಹೇಳಿದ. “ಸೋಮಣ್ಣಾರ, ಸಂಡಗಿ ಇನ್ನಾ ಹಸಿ ಐತ್ರಿ.”

ಅಮೃತಪ್ಪ ನಿಧಾನವಾಗಿ ಕತ್ತು ತಿರುಗಿಸಿದ. ಕನ್ನಡ ತಿಳಿಯದವರು, ಆ ಸಾಹೇಬ ಏನೆಂದ, ಅಣ್ಣನ ಹೆಸರು ಹೇಳಿದನಲ್ಲ, ಯಾರಣ್ಣಾ ಅವನು ಎಂದು ತೆಲುಗಿನಲ್ಲಿ ಕೇಳತೊಡಗಿದರು. ಸೋಮಣ್ಣ ಏನು ಬೇಕಾದರೂ ಹೇಳಬಹುದಿತ್ತು. ಹೆದರಿ ಕ್ಷಮೆ ಕೇಳುತ್ತಿದ್ದಾನೆ ಎಂದರೆ ಗೇಟು ನಡುಗುವಂತೆ ಕೂಗುತ್ತಿದ್ದರು. ಆ ಸುಳ್ಳು ನಾಲಗೆಯ ತುದಿಗೆ ಬಂದು ನಿಂತದ್ದು ಅವನಿಗೆ ಗೊತ್ತಾಯಿತು. ಸರಳುಗಳ ನಡುವೆ ಆ ಎರಡು ಅಂಗೈ ಹಾಗೆಯೇ ಇದ್ದವು, ಹಿಂದಕ್ಕೆ ಹೋಗಿರಲಿಲ್ಲ. ಸೋಮಣ್ಣ ಮೈಕಿನಲ್ಲಿ, ತೆಲುಗಿನಲ್ಲೇ, ಇವರು ನಮ್ಮ ಮೇಲಿನ ಮನೆಯಲ್ಲಿರುತ್ತಾರೆ, ಜಪಾನಿನವರು, ಅದೇ ಕಂಪನಿಯವರು ಎಂದು ಹೇಳಿದ. ಅರುಣಾಚಲ ಅಂತ ಹೇಳಿದ್ದು ಸುಳ್ಳು ಎಂದೂ ಹೇಳಿದ.

ಬೇವಿನ ಮರದಲ್ಲಿ ಒಂದು ಕಾಗೆ ಕೂಗಿತು. ಆಮೇಲೆ ಹಿಂದಿನಿಂದ ಫೌಂಡ್ರಿಯ ಒಬ್ಬ ಮುದುಕ ಎದ್ದು, “ಕಿರಾಯಾ ಕಿತ್ತಾ ದೇತಾ ಭಾಯ್?” ಎಂದು ಬಾಡಿಗೆಯ ಲೆಕ್ಕವನ್ನು ನಿಜವಾದ ಕುತೂಹಲದಿಂದ ಕೇಳಿದ. ಯಾರೋ ನಕ್ಕರು, ಯಾರೋ ಥೂ ಎಂದರು, ನಗುವವರಿಗೂ ಉಗುಳುವವರಿಗೂ ಜಗಳ ಹತ್ತಿತು. ಅಮೃತಪ್ಪ ಬಂದು, ಮುಖ ನೋಡದೆ, ಸೋಮಣ್ಣನ ಕೊರಳಿನ ಹಾರವನ್ನು ತೆಗೆದುಕೊಂಡ. ತೆಗೆಯುವಾಗ ಒಂದು ಹೂ ಅಂಗಿಯ ಗುಂಡಿಗೆ ಸಿಕ್ಕಿಕೊಂಡಿತು, ಅದನ್ನು ಹುಷಾರಾಗಿ ಬಿಡಿಸಿದ. “ಸಂಡಗಿ ತಿನಿಸಿ ಸುಳ್ಳ ಹೇಳಿದ್ಯಲ್ಲೋ ಮಾರಾಯ,” ಎಂದು ಮೆಲ್ಲಗೆ, ಇವನಿಗೊಬ್ಬನಿಗೇ ಕೇಳಿಸುವಂತೆ ಹೇಳಿದ. ಆ ಮಾತು ಲಾಠಿಗಿಂತ ಜೋರಾಗಿ ಬಿತ್ತು. ಸೋಮಣ್ಣನ ಕೊರಳು ಹಾರ ಹೋದ ಮೇಲೂ ತಣ್ಣಗೆ ಒದ್ದೆಯಾಗಿತ್ತು. ಮೈಕು ಮಾತ್ರ ಇನ್ನೂ ಕೈಯಲ್ಲೇ ಇತ್ತು, ಅದನ್ನು ಕಸಿದುಕೊಳ್ಳಲು ಎಲ್ಲರೂ ಮರೆತಿದ್ದರು.

ಮೈಕನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು ಸೋಮಣ್ಣ ಗೇಟಿನ ಹತ್ತಿರ ನಡೆದುಹೋಗಿ ಎರಡೂ ಕೈಯಲ್ಲಿ ಸಂಡಿಗೆ ತೆಗೆದುಕೊಂಡ. ನಡುವೆ ಒತ್ತಿದ, ಬೆರಳು ಒಳಕ್ಕೆ ಹೋಯಿತು. ತಾನಿಗುಚಿ ತಲೆ ಓರೆ ಮಾಡಿ ತೀರ್ಪಿಗೆ ಕಾದು ನಿಂತಿದ್ದ. ಸೋಮಣ್ಣ ಹೇಳಿದ ಮಾತು ಆಟೋದ ಮೇಲಿನ ಧ್ವನಿವರ್ಧಕದಿಂದ ಹೊರಟು, ಜಗಳವಾಡುತ್ತಿದ್ದವರ ತಲೆಯ ಮೇಲಿಂದ, ಕಾರ್ಖಾನೆಯ ಒಳಗಿನ ಶೆಡ್ಡುಗಳವರೆಗೂ ಕೇಳಿಸಿತು.

“ಹೌದ್ರಿ. ನಾಳೆ ಇನ್ನೊಂದ್ ಬಿಸಲ ಬೇಕು.”